ಮಗುವಿನ ಮೊದಲ ಮಾತು ಬೆರಳ ತುದಿಯಲ್ಲಿ

ಮೊಳಕಾಲ್ಮುರಿನ ನೇಕಾರರ ಮನೆಯಲ್ಲಿ ರೇಷ್ಮೆ ಮಗ್ಗ ಸದ್ದು ಮಾಡಿದರೆ, ಅಜ್ಜಿಯ ಕಂಕುಳಲ್ಲಿರುವ ಕೂಸು ಅತ್ತ ಬೆರಳು ಚಾಚಿ ‘ಊಂ’ ಎನ್ನುತ್ತದೆ. ಚಳ್ಳಕೆರೆ ಸೀಮೆಯ ಹಟ್ಟಿಗಳಲ್ಲಿ ಕುರಿಮಂದೆ ಹಾದುಹೋದರೂ ಅಷ್ಟೇ. ‘ಬುದ್ಧಿ ಬಂತು’ ಎಂದು ಹಿರಿಯರು ನಗುತ್ತಾರೆ. ಅವರ ಮಾತು ಸುಳ್ಳಲ್ಲ. ನಾಲಿಗೆ ಹೊರಳುವ ಮುನ್ನವೇ ಮಗು ಆಡುವ ಮೊದಲ ಮಾತು ಇದು. ಕನ್ನಡವಂತೂ ಆ ಬೆರಳಿಗೆ ‘ತೋರುಬೆರಳು’ ಎಂದೇ ಹೆಸರಿಟ್ಟಿದೆ.

ಈ ವಿದ್ಯೆ ಒಂದೇ ದಿನಕ್ಕೆ ಬರುವುದಿಲ್ಲ. 5-6 ತಿಂಗಳಿನಲ್ಲಿ ಮಗು ಕಂಡದ್ದಕ್ಕೆಲ್ಲ ಇಡೀ ಕೈ ಚಾಚುತ್ತದೆ. 9 ತಿಂಗಳು ದಾಟುತ್ತಿದ್ದಂತೆ ತಾಯಿ ನೋಡಿದ ಕಡೆ ತಾನೂ ನೋಡಲು ಕಲಿಯುತ್ತದೆ. ವರ್ಷ ತುಂಬುವ ಆಸುಪಾಸಿನಲ್ಲಿ ಉಳಿದ ಬೆರಳುಗಳು ಮಡಚಿ, ತೋರುಬೆರಳೊಂದೇ ಮುಂದೆ ಬರುತ್ತದೆ. ಮುಟ್ಟಿ ನೋಡುವ ಆಸೆಯೇ ಇದರ ಮೂಲ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ವಾದಿಸಿತು.

ಬೆರಳಿನ ಈ ಮಾತಿಗೆ ಎರಡು ಅರ್ಥಗಳುಂಟು ಎಂದು ಎಲಿಜಬೆತ್ ಬೇಟ್ಸ್ ಮತ್ತು ಸಂಗಡಿಗರು 1975ರಲ್ಲಿ ವಿವರಿಸಿದರು. ಒಂದು ‘ಅದು ಕೊಡು’, ಇನ್ನೊಂದು ‘ಅದು ನೋಡು’. ಎರಡನೆಯದರಲ್ಲಿ ಮಗುವಿಗೆ ಬೇಕಾದದ್ದು ವಸ್ತುವಲ್ಲ, ಜೊತೆಗಾರರು. ಜರ್ಮನಿಯಲ್ಲಿ ಉಲ್ಫ್ ಲಿಸ್ಕೋವ್‌ಸ್ಕಿ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ದೊಡ್ಡವರು ಮಗುವನ್ನಷ್ಟೇ ಅಥವಾ ವಸ್ತುವನ್ನಷ್ಟೇ ನೋಡಿದರೆ ವರ್ಷದ ಮಕ್ಕಳಿಗೆ ಸಮಾಧಾನವಾಗಲಿಲ್ಲ. ಎರಡನ್ನೂ ನೋಡಿ, ಸಂತೋಷದಿಂದ ಮಾತನಾಡಿದಾಗಲೇ ತೃಪ್ತಿ.

ಹಾಗಾದರೆ ನಾವು ಮಾಡಬೇಕಾದ್ದೇನು? ಉತ್ತರ ಕೊಡುವುದು. ‘ಹೌದು ಕಣವ್ವ, ಕುರಿ!’ ಎಂದ ಗಳಿಗೆಯಲ್ಲಿ ಮಗುವಿನ ಕಣ್ಣು, ಬೆರಳು, ಹೆಸರು ಮೂರೂ ಕೂಡುತ್ತವೆ. 14 ತಿಂಗಳಲ್ಲಿ ಸನ್ನೆಗಳಿಂದ ಹೆಚ್ಚು ವಿಷಯ ತಿಳಿಸುವ ಮಕ್ಕಳ ಶಬ್ದಭಂಡಾರ ನಾಲ್ಕೂವರೆ ವರ್ಷಕ್ಕೆ ದೊಡ್ಡದಾಗಿರುತ್ತದೆ ಎಂದು ಅಮೆರಿಕದ ರೋ ಮತ್ತು ಗೋಲ್ಡಿನ್-ಮೆಡೋ 2009ರಲ್ಲಿ ವರದಿ ಮಾಡಿದರು.

ಬೆರಳಿನ ಮೌನಕ್ಕೂ ಅರ್ಥವಿರಬಹುದು. ಒಂದೂವರೆ ವರ್ಷವಾದರೂ ಮಗು ಏನನ್ನೂ ತೋರಿಸದಿದ್ದರೆ, ಕರೆದರೆ ತಿರುಗದಿದ್ದರೆ, ‘ನಮ್ಮ ವಂಶದಲ್ಲೇ ಮಾತು ತಡ’ ಎಂದು ಕಾಯುವುದು ಸರಿಯಲ್ಲ. ಕಿವಿ ಕೇಳದಿರುವುದು ಅಥವಾ ಆಟಿಸಂ ಕಾರಣವಿರಬಹುದು. ಏನೂ ಇಲ್ಲದೆಯೂ ಇರಬಹುದು. ಇದೊಂದರಿಂದಲೇ ತೀರ್ಮಾನ ಸಲ್ಲದು, ಆದರೆ ತಪಾಸಣೆ ಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳ ಬೆಳವಣಿಗೆಯ ತಪಾಸಣೆಯೂ ಸೇರಿದೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಗೊತ್ತಾಗುತ್ತದೆ. ಬೇಗ ತಿಳಿದಷ್ಟೂ ಮಗುವಿಗೆ ಬೇಗ ನೆರವು ಸಿಗುತ್ತದೆ.