ಸೋಡಿಯಂ, ಲಿಥಿಯಂ ಮತ್ತು ಕಪ್ಪು ಪರದೆ: ಮಗ ಹ್ಯಾಕಿಂಗ್ ಮಾಡುತ್ತಿದ್ದಾನಾ?

ಕೆಲವು ದಿನಗಳ ಹಿಂದೆ ಓದುಗರೊಬ್ಬರು ನಮಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ದರು. ಮಗನ ಕಂಪ್ಯೂಟರ್ ಪರದೆಯನ್ನು ಅವನ ಬೆನ್ನ ಹಿಂದೆ ನಿಂತು ಮೊಬೈಲಿನಲ್ಲಿ ತೆಗೆದದ್ದು. ಕಪ್ಪು ಪರದೆಯ ತುಂಬ ಸಾಲುಸಾಲಾಗಿ ಬಿಳಿ, ಹಸಿರು ಅಕ್ಷರ. ಜೊತೆಗೆ ಪ್ರಶ್ನೆ: "ಹತ್ತನೇ ಕ್ಲಾಸ್ ಹುಡುಗ. ಕೇಳಿದ್ರೆ ಗೇಮ್‌ದು ಅಪ್‌ಡೇಟ್ ಮಾಡ್ತಿದೀನಿ ಅಂತಾನೆ. ಆದ್ರೆ ಸೋಡಿಯಂ, ಲಿಥಿಯಂ ಅಂತೆಲ್ಲ ಬರೀತಿದೆ. ಇದು ಹ್ಯಾಕಿಂಗಾ? ಏನಾದ್ರೂ ತೊಂದ್ರೆ ಆಗುತ್ತಾ?" ಫ್ಯಾಮಿಲಿ ಗ್ರೂಪಿನಲ್ಲಿ ಅದೇ ಫೋಟೋ ನೋಡಿದ ಸಂಬಂಧಿಕರೊಬ್ಬರು, ಇದು ಡಾರ್ಕ್ ವೆಬ್, ಮನೆಗೆ ಪೊಲೀಸರು ಬರುತ್ತಾರೆ ಎಂದು ಹೆದರಿಸಿದ್ದರಂತೆ.

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಅದು ಹ್ಯಾಕಿಂಗ್ ಅಲ್ಲ, ಹುಡುಗ ಹೇಳಿದ್ದು ನಿಜ. ಆದರೆ ಆ ತಾಯಿಯ ಆತಂಕವನ್ನು ನಕ್ಕು ತಳ್ಳಿಹಾಕುವಂತೆಯೂ ಇಲ್ಲ. ಅಪಾಯ ಇದೆ, ಅದು ಕಪ್ಪು ಪರದೆಯಲ್ಲಿಲ್ಲ ಅಷ್ಟೆ.

ಸೋಡಿಯಂ ಅಂದರೆ ಇಲ್ಲಿ ಲೋಹವಲ್ಲ

ಫೋಟೋವನ್ನು ದೊಡ್ಡದು ಮಾಡಿ ನೋಡಿದಾಗ ಮೇಲಿನ ಸಾಲಿನಲ್ಲಿ "ಫೇರಿಯಂ" ಎಂಬ ಹೆಸರು ಕಾಣಿಸಿತು. ಆವರ್ತಕ ಕೋಷ್ಟಕದಲ್ಲಿ ಹುಡುಕಿದರೆ ಈ ಹೆಸರು ಸಿಗುವುದಿಲ್ಲ. ಇದು ಮೈನ್‌ಕ್ರಾಫ್ಟ್ ಎಂಬ ಆಟದ ಮಾಡ್‌ಗಳನ್ನು ನೋಡಿಕೊಳ್ಳುವ ಒಂದು ಉಚಿತ ತಂತ್ರಾಂಶ. ಸೋಡಿಯಂ, ಲಿಥಿಯಂ ಎರಡೂ ಅಂಥ ಮಾಡ್‌ಗಳ ಹೆಸರು.

ಮೈನ್‌ಕ್ರಾಫ್ಟ್ ಗೊತ್ತಿಲ್ಲದವರಿಗೆ ಎರಡು ಮಾತು. ಸ್ವೀಡನ್ನಿನ ಮೊಜಾಂಗ್ ಸಂಸ್ಥೆಯ ಆಟ. 2009ರಲ್ಲಿ ಮೊದಲ ರೂಪ, 2011ರಲ್ಲಿ ಪೂರ್ಣ ರೂಪ ಬಂತು. 2014ರಲ್ಲಿ ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನೇ ಕೊಂಡುಕೊಂಡಿತು. ಚೌಕಚೌಕ ಇಟ್ಟಿಗೆಗಳ ಲೋಕದಲ್ಲಿ ಅಗೆಯುವುದು, ಕಟ್ಟುವುದು, ರಾತ್ರಿ ಬರುವ ಭೂತಗಳಿಂದ ತಪ್ಪಿಸಿಕೊಳ್ಳುವುದು, ಇಷ್ಟೇ ಆಟ. ಇದರ ಕಂಪ್ಯೂಟರ್ ಆವೃತ್ತಿಯಾದ ಜಾವಾ ಎಡಿಷನ್‌ಗೆ ಹೊರಗಿನವರು ಬರೆದ ಹೆಚ್ಚುವರಿ ತುಣುಕುಗಳನ್ನು ಸೇರಿಸಬಹುದು. ಅವೇ ಮಾಡ್‌ಗಳು. ಕೆಲವು ಹೊಸ ಪ್ರಾಣಿಗಳನ್ನು ತರುತ್ತವೆ, ಕೆಲವು ಹೊಸ ಯಂತ್ರಗಳನ್ನು. ಸೋಡಿಯಂ ಮಾಡುವ ಕೆಲಸ ಚಿತ್ರ ಸರಾಗವಾಗಿ ಓಡುವಂತೆ ನೋಡಿಕೊಳ್ಳುವುದು. ಹಳೆಯ ಲ್ಯಾಪ್‌ಟಾಪ್ ಇರುವ ಹುಡುಗರಿಗೆ ಅದು ಬಹಳ ಇಷ್ಟ.

ಒಂದೆರಡು ಮಾಡ್ ಆದರೆ ಕೈಯಲ್ಲೇ ಡೌನ್‌ಲೋಡ್ ಮಾಡಿ ಫೋಲ್ಡರಿಗೆ ಹಾಕಬಹುದು. ಅರವತ್ತು ಆದಾಗ ಕಷ್ಟ. ಪ್ರತಿಯೊಂದೂ ಆಟದ ಇಂಥದ್ದೇ ಆವೃತ್ತಿಗೆ ಹೊಂದಬೇಕು. ಮಾಡ್‌ಗಳನ್ನು ಆಟಕ್ಕೆ ಜೋಡಿಸುವ ಲೋಡರ್‌ಗಳಲ್ಲೂ ಫ್ಯಾಬ್ರಿಕ್, ಫೋರ್ಜ್ ಎಂದು ಬೇರೆಬೇರೆ ಇವೆ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಸಾಲದ್ದಕ್ಕೆ ಒಂದು ಮಾಡ್ ಇನ್ನೊಂದನ್ನು ನೆಚ್ಚಿಕೊಂಡಿರುತ್ತದೆ. ಫ್ಯಾಬ್ರಿಕ್‌ನ ಎಷ್ಟೋ ಮಾಡ್‌ಗಳಿಗೆ ಫ್ಯಾಬ್ರಿಕ್ ಎಪಿಐ ಎಂಬ ಸಹಾಯಕ ಮಾಡ್ ಇಲ್ಲದಿದ್ದರೆ ಆಟ ತೆರೆಯುವುದೇ ಇಲ್ಲ. ಆಟ ಅಪ್‌ಡೇಟ್ ಆದ ದಿನ ಅರವತ್ತನ್ನೂ ಮತ್ತೆ ಹುಡುಕಿ ತರಬೇಕು.

ಫೇರಿಯಂ ಈ ಕೆಲಸವನ್ನು ತಾನೇ ಮಾಡುತ್ತದೆ. ಮೊದಲು "ಫೇರಿಯಂ ಪ್ರೊಫೈಲ್ ಕ್ರಿಯೇಟ್" ಎಂದು ಟೈಪ್ ಮಾಡಿ, ಆಟದ ಆವೃತ್ತಿ, ಲೋಡರ್, ಫೋಲ್ಡರ್ ಯಾವುದೆಂದು ತಿಳಿಸಬೇಕು. "ಫೇರಿಯಂ ಆಡ್" ಎಂದು ಬೇಕಾದ ಮಾಡ್‌ನ ಹೆಸರು ಕೊಟ್ಟರೆ ಅದು ಪಟ್ಟಿಗೆ ಸೇರುತ್ತದೆ. ಆಮೇಲೆ "ಫೇರಿಯಂ ಅಪ್‌ಗ್ರೇಡ್" ಎಂದರೆ ಮಾಡ್‌ರಿಂತ್, ಕರ್ಸ್‌ಫೋರ್ಜ್, ಗಿಟ್‌ಹಬ್ ತಾಣಗಳಿಂದ ಪಟ್ಟಿಯಲ್ಲಿರುವ ಎಲ್ಲದರ ಹೊಂದುವ ಹೊಸ ಆವೃತ್ತಿ ಇಳಿಯುತ್ತದೆ. ಫೋಟೋದಲ್ಲಿ ಓಡುತ್ತಿದ್ದದ್ದು ಇದೇ. ಅಕ್ಷರ ಟೈಪ್ ಮಾಡಿ ಕೆಲಸ ಹೇಳುವ ಈ ಪದ್ಧತಿಗೆ ಕಮಾಂಡ್ ಲೈನ್ ಎನ್ನುತ್ತಾರೆ. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಡಾಸ್ ಕಲಿತವರಿಗೆ ಇದೇನೂ ಹೊಸತಲ್ಲ. ಮೌಸ್ ಬರುವ ಮುಂಚೆ ಎಲ್ಲರೂ ಹೀಗೇ ಕೆಲಸ ಮಾಡಿದ್ದು. ಸಿನಿಮಾದವರು ಹ್ಯಾಕರ್ ಬಂದಾಗಲೆಲ್ಲ ಹಸಿರು ಅಕ್ಷರ ತೋರಿಸಿ ತೋರಿಸಿ ನಮ್ಮ ಕಣ್ಣಿಗೆ ಅದು ಕಳ್ಳತನದಂತೆ ಕಾಣತೊಡಗಿದೆ.

ಇದೇ ಬಗೆಯ ಇನ್ನೊಂದು ಸಲಕರಣೆ ಪ್ಯಾಕ್‌ವಿಜ್. ಇದರ ಕ್ರಮ ನಮಗೆ ಹೆಚ್ಚು ಹಿಡಿಸಿತು. ಇದು ಸಾಮಾನಿಗಿಂತ ಸಾಮಾನಿನ ಚೀಟಿಗೆ ಬೆಲೆ ಕೊಡುತ್ತದೆ. ಒಂದೊಂದು ಮಾಡ್‌ಗೂ ಒಂದೊಂದು ಪುಟ್ಟ ಫೈಲ್ ಬರೆದಿಟ್ಟು, ಅದರಲ್ಲಿ ಹೆಸರು, ಎಲ್ಲಿಂದ ತರಬೇಕು, ಯಾವ ಆವೃತ್ತಿ, ಅದರ ಹ್ಯಾಶ್ ಏನು ಎಂದು ಗುರುತು ಮಾಡುತ್ತದೆ. ಮಾಡ್ ಸೇರಿಸುವಾಗ ಅದು ಇನ್ನೊಂದನ್ನು ನೆಚ್ಚಿಕೊಂಡಿದ್ದರೆ "ಇದೂ ಬೇಕು, ಸೇರಿಸಲೇ?" ಎಂದು ಕೇಳುತ್ತದೆ. ಗೆಳೆಯರು ಒಟ್ಟಿಗೆ ಆಡುವಾಗ ಆ ಚೀಟಿಯನ್ನೇ ಹಂಚಿಕೊಂಡರೆ ಎಲ್ಲರ ಕಂಪ್ಯೂಟರಿನಲ್ಲೂ ಅದೇ ಮಾಡ್, ಅದೇ ಆವೃತ್ತಿ ಕೂರುತ್ತದೆ.

ಹ್ಯಾಶ್ ಎಂಬ ಪದ ಬಂತಲ್ಲ, ಅದರ ಬಗ್ಗೆ ಸ್ವಲ್ಪ ನಿಂತು ನೋಡೋಣ. ಒಂದು ಫೈಲಿನ ಪ್ರತಿ ಬಿಟ್ಟನ್ನೂ ಲೆಕ್ಕಕ್ಕೆ ಹಾಕಿ ತೆಗೆದ ಒಂದು ಉದ್ದನೆಯ ಗುರುತು ಅದು. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಈ ಗುರುತು 64 ಅಕ್ಷರಗಳದ್ದು. ಫೈಲ್ ಎಷ್ಟೇ ದೊಡ್ಡದಿರಲಿ, ಒಳಗೆ ಒಂದೇ ಒಂದು ಅಕ್ಷರ ಬದಲಾದರೂ 64 ಅಕ್ಷರಗಳ ಸಾಲು ಗುರುತೇ ಸಿಗದಂತೆ ಬೇರೆಯಾಗುತ್ತದೆ. ಹಾಗಾಗಿ ಚೀಟಿಯಲ್ಲಿ ಬರೆದ ಹ್ಯಾಶ್, ಕೈಗೆ ಬಂದ ಫೈಲಿನ ಹ್ಯಾಶ್ ಎರಡೂ ಒಂದೇ ಆದರೆ ದಾರಿಯಲ್ಲಿ ಯಾರೂ ಕೈ ಆಡಿಸಿಲ್ಲ ಎಂದು ಗೊತ್ತಾಗುತ್ತದೆ.

ಹಾಗಾದರೆ ಪೂರ್ತಿ ಸುರಕ್ಷಿತವೇ?

ಇಲ್ಲ. 2023ರ ಜೂನ್ ಮೊದಲ ವಾರದಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಕರ್ಸ್‌ಫೋರ್ಜ್ ಎಂಬುದು ಮೈನ್‌ಕ್ರಾಫ್ಟ್ ಮಾಡ್‌ಗಳ ದೊಡ್ಡ ಸಂತೆ. ಅಲ್ಲಿದ್ದ ಕೆಲವು ಮಾಡ್‌ಗಳೊಳಗೆ ವೈರಸ್ ಸೇರಿಕೊಂಡಿರುವುದು ಆ ವಾರ ಬೆಳಕಿಗೆ ಬಂತು. ಜನಪ್ರಿಯ ಮಾಡ್ ಗುಚ್ಛಗಳೂ ಅದರ ಬಲೆಗೆ ಬಿದ್ದಿದ್ದವು. ಫ್ರ್ಯಾಕ್ಚರೈಸರ್ ಎಂದು ಅದಕ್ಕೆ ಹೆಸರಾಯಿತು. ಸೋಂಕು ತಗಲಿದ ಮಾಡ್ ಇಟ್ಟು ಆಟ ಶುರು ಮಾಡಿದರೆ ಸಾಕು, ಅದು ಹಂತಹಂತವಾಗಿ ಉಳಿದ ಭಾಗಗಳನ್ನು ಇಂಟರ್‌ನೆಟ್‌ನಿಂದ ತರಿಸಿಕೊಳ್ಳುತ್ತಿತ್ತು. ಬ್ರೌಸರಿನಲ್ಲಿ ಉಳಿದ ಲಾಗಿನ್ ಗುರುತುಗಳು, ಡಿಸ್ಕಾರ್ಡ್ ಮತ್ತು ಮೈನ್‌ಕ್ರಾಫ್ಟ್ ಖಾತೆಗಳ ಕೀಲಿಗಳನ್ನು ಕದಿಯುವುದು ಅದರ ಕೆಲಸ. ಕ್ರಿಪ್ಟೋ ಹಣ ಕಳಿಸಲು ಯಾರಾದರೂ ವಿಳಾಸ ಕಾಪಿ ಮಾಡಿದರೆ ಅದನ್ನು ಕಳ್ಳನ ವಿಳಾಸಕ್ಕೆ ಬದಲಿಸುತ್ತಿತ್ತು. ಜೊತೆಗೆ ಕಂಪ್ಯೂಟರಿನಲ್ಲಿದ್ದ ಇತರ ಜಾರ್ ಫೈಲ್‌ಗಳಿಗೂ ಹರಡುತ್ತಿತ್ತು. (ಮಾಡ್‌ಗಳು ಬರುವುದು ಜಾರ್ ಎಂಬ ರೂಪದಲ್ಲಿ.) ಮಾಡ್ ಬರೆಯುವವರು, ಸರ್ವರ್ ನಡೆಸುವವರು, ಭದ್ರತೆಯ ಬಗ್ಗೆ ತಿಳಿದವರು ಚಾಟ್ ಗುಂಪುಗಳಲ್ಲಿ ಸೇರಿ ಇದನ್ನು ಬಿಡಿಸಿ ನೋಡಿದರು. ಪತ್ತೆ ಹಚ್ಚುವ ಸಲಕರಣೆಗಳೂ ಬೇಗ ಬಂದವು. ಮೈನ್‌ಕ್ರಾಫ್ಟ್‌ನ 1.20 ಆವೃತ್ತಿ ಬಿಡುಗಡೆಯಾಗಿ ಎಲ್ಲರೂ ಮಾಡ್ ಅಪ್‌ಡೇಟ್ ಮಾಡಿಕೊಳ್ಳುವ ವಾರವೂ ಅದೇ ಆಗಿತ್ತು.

ಇದು ಹೇಗೆ ಸಾಧ್ಯವಾಯಿತು? ಜಾವಾ ಎಡಿಷನ್‌ನ ಮಾಡ್‌ಗೆ ಯಾವ ಬೇಲಿಯೂ ಇಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ನೀವು ಏನೇನು ಮಾಡಬಲ್ಲಿರೋ ಅದನ್ನೂ ಮಾಡಬಲ್ಲದು: ಫೋಟೋ ತೆರೆಯಬಲ್ಲದು, ಫೈಲ್ ಅಳಿಸಬಲ್ಲದು, ಇಂಟರ್‌ನೆಟ್‌ಗೆ ಹೋಗಬಲ್ಲದು. "ಅದು ಬರೀ ಗೇಮ್ ಫೈಲ್" ಎನ್ನುವ ಸಮಾಧಾನ ತಪ್ಪು.

ಆಗ ಕಮಾಂಡ್ ಲೈನ್ ಸಲಕರಣೆ ಬಳಸುತ್ತಿದ್ದವರು ಬಚಾವಾದರೇ? ಅದೊಂದರಿಂದಲೇ ಅಲ್ಲ. ಸಂತೆಯಲ್ಲೇ ಕೆಟ್ಟ ಸಾಮಾನು ಇಟ್ಟಿದ್ದರೆ ಆ ಕೆಟ್ಟ ಸಾಮಾನಿನ ಹ್ಯಾಶ್ ಕೂಡ ಸರಿಯಾಗಿಯೇ ಹೊಂದುತ್ತದೆ. ಅಂಗಡಿಯಿಂದ ಮನೆಗೆ ಬರುವಾಗ ಪೊಟ್ಟಣ ಒಡೆದಿಲ್ಲ ಎಂದು ಹ್ಯಾಶ್ ಹೇಳಬಲ್ಲದು, ಒಳಗಿನ ಅಕ್ಕಿಯಲ್ಲಿ ಹುಳ ಇಲ್ಲ ಎಂದು ಹೇಳಲಾರದು. ಹೊಸದು ಬಂತೆಂದ ಕೂಡಲೇ ಎಲ್ಲವನ್ನೂ ಒಂದೇ ಕಮಾಂಡಿನಲ್ಲಿ ಅಪ್‌ಡೇಟ್ ಮಾಡುವ ಚಟ ಇದ್ದವರಿಗೆ ಆ ಹುಳ ಇನ್ನೂ ಬೇಗ ತಲುಪಿರಬಹುದು.

ಹಾಗಿದ್ದರೂ ಚೀಟಿ ಇಟ್ಟುಕೊಂಡವರಿಗೆ ಎರಡು ಅನುಕೂಲ ಇತ್ತು. ತಮ್ಮಲ್ಲಿ ಏನೇನಿದೆ, ಯಾವ ಆವೃತ್ತಿ ಎಂದು ಅವರಿಗೆ ಗೊತ್ತಿತ್ತು, ಹಾಗಾಗಿ ಸೋಂಕಿತ ಮಾಡ್‌ಗಳ ಹೆಸರು ಹೊರಬಂದಾಗ ಹೋಲಿಸಿ ನೋಡಬಹುದಿತ್ತು. ಇನ್ನೊಂದು, ವೈರಸ್ ಒಳ್ಳೆಯ ಜಾರ್ ಫೈಲಿಗೆ ಅಂಟಿಕೊಂಡ ಕ್ಷಣವೇ ಆ ಫೈಲಿನ ಹ್ಯಾಶ್ ಬದಲಾಗುತ್ತದೆ. ಚೀಟಿಯಲ್ಲಿದ್ದ ಹಳೆಯ ಹ್ಯಾಶ್ ಜೊತೆ ತಾಳೆ ನೋಡಿದರೆ ಅದು ಸಿಕ್ಕಿಬೀಳುತ್ತದೆ. ಫೋಲ್ಡರಿನಲ್ಲಿ ಸುಮ್ಮನೆ ಅರವತ್ತು ಫೈಲ್ ತುಂಬಿಟ್ಟುಕೊಂಡವರಿಗೆ ತಾಳೆ ನೋಡಲು ಏನೂ ಇರಲಿಲ್ಲ.

ಮೊಬೈಲಿನಲ್ಲಿ ಆಡುವವರಿಗೆ

ನಮ್ಮ ಓದುಗರಲ್ಲಿ ಹೆಚ್ಚಿನವರ ಮನೆಯಲ್ಲಿ ಆಟ ನಡೆಯುವುದು ಫೋನಿನಲ್ಲಿ. ಅಲ್ಲಿ ಮಾಡ್ ಎಂಬ ಪದದ ಅರ್ಥವೇ ಬೇರೆ. "ಮಾಡ್ ಎಪಿಕೆ, ಅನ್‌ಲಿಮಿಟೆಡ್ ಕಾಯಿನ್" ಎಂದು ಗ್ರೂಪಿನಲ್ಲಿ ಬರುವ ಫೈಲ್ ಆಟಕ್ಕೆ ಸೇರಿಸುವ ತುಣುಕಲ್ಲ. ಯಾರೋ ಇಡೀ ಆ್ಯಪನ್ನೇ ಬಿಚ್ಚಿ, ತಮಗೆ ಬೇಕಾದ್ದನ್ನು ತುರುಕಿ, ಮತ್ತೆ ಹೊಲಿದು ಕೊಟ್ಟ ನಕಲು. ಇದನ್ನು ಗುರುತಿಸುವುದು ಸುಲಭ. ಆ್ಯಂಡ್ರಾಯ್ಡ್‌ನ ಪ್ರತಿ ಆ್ಯಪ್‌ಗೂ ಅದನ್ನು ತಯಾರಿಸಿದವರ ಡಿಜಿಟಲ್ ಸಹಿ ಇರುತ್ತದೆ, ನಕಲು ಮಾಡಿದವರ ಬಳಿ ಆ ಸಹಿ ಇರುವುದಿಲ್ಲ. ಸಹಿ ಬೇರೆಯಾದರೆ ಇದ್ದ ಆ್ಯಪಿನ ಮೇಲೆ ಹೊಸದನ್ನು ಕೂರಿಸಲು ಫೋನ್ ಒಪ್ಪುವುದಿಲ್ಲ. "ಮೊದಲು ಒರಿಜಿನಲ್ ಡಿಲೀಟ್ ಮಾಡಿ, ಆಮೇಲೆ ಇದನ್ನು ಹಾಕಿ" ಎಂದು ಆ ಮೆಸೇಜುಗಳಲ್ಲಿ ಸಾಮಾನ್ಯವಾಗಿ ಬರೆದಿರುವುದು ಈ ಕಾರಣಕ್ಕೇ. "ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ" ಎಂದೂ ಬರೆದಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ. ಇನ್ನು ಆನ್‌ಲೈನ್ ಆಟಗಳ ಕಾಯಿನ್ ಲೆಕ್ಕ ಸಾಮಾನ್ಯವಾಗಿ ಕಂಪನಿಯ ಸರ್ವರಿನಲ್ಲಿರುತ್ತದೆ. ನಿಮ್ಮ ಫೋನಿನಲ್ಲಿ ಏನು ಬದಲಿಸಿದರೂ ಅದು ಹೆಚ್ಚುವುದಿಲ್ಲ.

ಕಂಪ್ಯೂಟರ್ ಇರುವವರಿಗೆ ಇದಕ್ಕಿಂತ ಕೆಟ್ಟ ಒಂದು ಮೋಸ ಚಾಲ್ತಿಯಲ್ಲಿದೆ. ಯಾವುದೋ ಡೌನ್‌ಲೋಡ್ ಪುಟದಲ್ಲಿ "ನೀವು ರೋಬೋಟ್ ಅಲ್ಲ ಎಂದು ತೋರಿಸಿ" ಎಂಬ ಪೆಟ್ಟಿಗೆ ಬರುತ್ತದೆ. ವಿಂಡೋಸ್ ಮತ್ತು ಆರ್ ಕೀಲಿ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ ಎನ್ನುತ್ತದೆ. ನಿಮಗೆ ತಿಳಿಯದಂತೆ ಒಂದು ಕಮಾಂಡನ್ನು ಆ ಪುಟ ಮೊದಲೇ ಕಾಪಿ ಮಾಡಿಟ್ಟಿರುತ್ತದೆ. ನೀವೇ ಕೈಯಾರೆ ಕಳ್ಳನ ಕಮಾಂಡನ್ನು ಅಂಟಿಸಿ ಓಡಿಸಿದಂತಾಯಿತು. ಕ್ಲಿಕ್‌ಫಿಕ್ಸ್ ಎನ್ನುತ್ತಾರೆ ಇದಕ್ಕೆ. ನಿಜವಾದ ಯಾವ ಕ್ಯಾಪ್ಚಾ ಕೂಡ ನಿಮ್ಮ ಕಂಪ್ಯೂಟರಿನಲ್ಲಿ ಕಮಾಂಡ್ ಓಡಿಸಲು ಹೇಳುವುದಿಲ್ಲ. ಹುಡುಗ ತಾನೇ ಟೈಪ್ ಮಾಡುವ, ಅರ್ಥ ಗೊತ್ತಿರುವ ಕಮಾಂಡಿಗೂ ಯಾರೋ ಕೊಟ್ಟು ಅಂಟಿಸು ಎಂದ ಕಮಾಂಡಿಗೂ ಇರುವ ವ್ಯತ್ಯಾಸ ಇದು.

ಇಷ್ಟನ್ನೂ ಆ ತಾಯಿಗೆ ಫೋನಿನಲ್ಲಿ ವಿವರಿಸಿದ ಮೇಲೆ ಒಂದು ಕೆಲಸ ಹೇಳಿದೆವು. ಫೇರಿಯಂಗೆ ಒಂದು ಅಭ್ಯಾಸವಿದೆ: ಅಪ್‌ಗ್ರೇಡ್ ಮಾಡುವ ಮುಂಚೆ, ತನ್ನ ಪಟ್ಟಿಯಲ್ಲಿಲ್ಲದ ಮಾಡ್‌ಗಳನ್ನು "ಓಲ್ಡ್" ಎಂಬ ಫೋಲ್ಡರಿಗೆ ಸರಿಸಿಬಿಡುತ್ತದೆ. (ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಮಾಡುವಾಗ ಇದು ಗೊತ್ತಿಲ್ಲದೆ, ಕೈಯಲ್ಲಿ ಹಾಕಿದ್ದ ಮಾಡ್ ಮಾಯವಾಯಿತೆಂದು ಅರ್ಧ ಗಂಟೆ ಹುಡುಕಿದೆವು.) "ಮಗನ ಜೊತೆ ಕೂತು ಆ ಫೋಲ್ಡರ್ ತೆಗೆಸಿ ನೋಡಿ, ಬಯ್ಯಬೇಡಿ" ಎಂದೆವು.

ಸಂಜೆ ಅವರ ಮೆಸೇಜ್ ಬಂತು. ಫೋಲ್ಡರಿನಲ್ಲಿ ಎರಡು ಫೈಲ್ ಇದ್ದವು. ಒಂದು ಹುಡುಗನೇ ಮರೆತಿದ್ದ ಹಳೆಯ ಮಾಡ್. ಇನ್ನೊಂದನ್ನು ಡಿಸ್ಕಾರ್ಡ್‌ನಲ್ಲಿ ಪರಿಚಯವಾದ ಒಬ್ಬ, ಆಟದಲ್ಲಿ ಹಾಕಿಕೊಳ್ಳುವ ಕೇಪ್ ಫ್ರೀಯಾಗಿ ಸಿಗುತ್ತದೆ ಎಂದು ಕಳಿಸಿದ್ದನಂತೆ. ಯಾವ ತಾಣದಲ್ಲೂ ಆ ಹೆಸರಿನ ಮಾಡ್ ಇರಲಿಲ್ಲ. ಅದನ್ನು ಅಳಿಸಿ, ಆ್ಯಂಟಿವೈರಸ್ ಪೂರ್ತಿ ಓಡಿಸಿ, ಅಮ್ಮನ ಫೋನಿನಿಂದ ಹುಡುಗನ ಪಾಸ್‌ವರ್ಡುಗಳನ್ನು ಬದಲಿಸಿ, ಎಲ್ಲ ಡಿವೈಸ್‌ಗಳಿಂದ ಲಾಗ್ ಔಟ್ ಆಗಲು ಹೇಳಿದೆವು. ಕದ್ದ ಲಾಗಿನ್ ಗುರುತು ಇದ್ದರೆ ಪಾಸ್‌ವರ್ಡ್ ಒಂದನ್ನೇ ಬದಲಿಸಿದರೆ ಸಾಲದು. ಅಮ್ಮ ಅದೇ ಕಂಪ್ಯೂಟರಿನಲ್ಲಿ ನೆಟ್ ಬ್ಯಾಂಕಿಂಗ್ ಮಾಡುತ್ತಿದ್ದರು. ಖಾತೆಯ ವಹಿವಾಟು ನೋಡಿಕೊಳ್ಳಿ, ಏನಾದರೂ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ಎಂದೆವು. ಹಣ ಹೋಗಿರಲಿಲ್ಲ. ಈಗ ಬ್ಯಾಂಕಿನ ಕೆಲಸಕ್ಕೆ ಅವರು ತಮ್ಮ ಫೋನನ್ನೇ ಬಳಸುತ್ತಿದ್ದಾರೆ. ಮಗ ಫೇರಿಯಂ ಬಿಟ್ಟು ಪ್ಯಾಕ್‌ವಿಜ್ ಕಲಿಯುತ್ತಿದ್ದಾನಂತೆ.