ರಾಗಿಗೂ ಕಬ್ಬಿಗೂ ಒಂದೇ ತಕ್ಕಡಿಯೇ?

ಒಬ್ಬ ರೈತ ಎಕರೆಗೆ 40 ಟನ್ ಕಬ್ಬು ಬೆಳೆದ. ಇನ್ನೊಬ್ಬ ಎಕರೆಗೆ 15 ಕ್ವಿಂಟಲ್ ರಾಗಿ ಬೆಳೆದ. ಇಬ್ಬರಲ್ಲಿ ಒಳ್ಳೆಯ ಬೇಸಾಯಗಾರ ಯಾರು? ಬರೀ ತೂಕ ನೋಡಿ ಕಬ್ಬಿನವನಿಗೆ ಬಹುಮಾನ ಕೊಟ್ಟರೆ ಹಳ್ಳಿಯ ಮಕ್ಕಳೂ ನಕ್ಕಾರು. ಸುತ್ತಲಿನವರ ಸರಾಸರಿ ಇಳುವರಿ ಕಬ್ಬಿನಲ್ಲಿ 40 ಟನ್, ರಾಗಿಯಲ್ಲಿ 8 ಕ್ವಿಂಟಲ್ ಎಂದಾದರೆ ಹೆಚ್ಚುಗಾರಿಕೆ ರಾಗಿಯವನದೇ.

ವಿಜ್ಞಾನಿಗಳ ಕೆಲಸವನ್ನು ಅಳೆಯುವಾಗ ಮಾತ್ರ ಈ ಸರಳ ಲೆಕ್ಕ ಮರೆತುಹೋಗುವುದುಂಟು.

ಸಂಶೋಧಕರು ಪ್ರಬಂಧ ಬರೆಯುವಾಗ ತಮಗೆ ನೆರವಾದ ಹಿಂದಿನ ಪ್ರಬಂಧಗಳನ್ನು ಕೊನೆಯಲ್ಲಿ ಹೆಸರಿಸುತ್ತಾರೆ. ಇದೇ ಉಲ್ಲೇಖ. ಯಾವ ಪ್ರಬಂಧವನ್ನು ಯಾರು ಯಾರು ಉಲ್ಲೇಖಿಸಿದ್ದಾರೆಂದು ತಿಳಿಸುವ ದೊಡ್ಡ ಸೂಚಿಯನ್ನು 1960ರ ದಶಕದಲ್ಲಿ ಹೊರತಂದವರು ಅಮೆರಿಕದ ಫಿಲಡೆಲ್ಫಿಯಾದ ಯುಜೀನ್ ಗಾರ್ಫೀಲ್ಡ್. ಬೇಕಾದ ಪ್ರಬಂಧವನ್ನು ಹುಡುಕುವವರಿಗೆ ದಾರಿ ತೋರುವುದು ಅದರ ಉದ್ದೇಶವಾಗಿತ್ತು. ಕ್ರಮೇಣ ಅದೇ ವಿಜ್ಞಾನಿಗಳನ್ನು ತೂಗುವ ತಕ್ಕಡಿಯಾಯಿತು. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ‘ಎಚ್-ಸೂಚ್ಯಂಕ’ವನ್ನು ಮುಂದಿಟ್ಟರು. ತಲಾ 20 ಅಥವಾ ಹೆಚ್ಚು ಬಾರಿ ಉಲ್ಲೇಖಗೊಂಡ 20 ಪ್ರಬಂಧಗಳಿದ್ದರೆ ಅದು 20 ಮುಟ್ಟುತ್ತದೆ. ನೇಮಕ, ಬಡ್ತಿ, ಧನಸಹಾಯದ ಕಡತಗಳಿಗೆ ಇಂಥ ಅಂಕಿಗಳು ಹೊಕ್ಕವು.

ತೊಡಕು ಇಲ್ಲೇ. ಜೀವವಿಜ್ಞಾನ, ವೈದ್ಯಕೀಯಗಳಲ್ಲಿ ಸಂಶೋಧಕರು ಬಹಳ. ಉಲ್ಲೇಖಗಳ ಪಟ್ಟಿಯೂ ಉದ್ದ. ಹೊಸ ಫಲಿತಾಂಶ ಬೇಗನೆ ಚಲಾವಣೆಗೆ ಬರುತ್ತದೆ. ಗಣಿತದಲ್ಲಿ ಪಟ್ಟಿ ಚಿಕ್ಕದು; ಪ್ರಮೇಯವೊಂದು ಹತ್ತಾರು ವರ್ಷ ತಣ್ಣಗಿದ್ದು ಆಮೇಲೆ ಬಳಕೆಗೆ ಬರಬಹುದು. ಇಬ್ಬರನ್ನೂ ಒಂದೇ ಅಂಕಿಯಿಂದ ಅಳೆದರೆ ಗಣಿತಜ್ಞ ಸೋಲುವುದು ಖಚಿತ.

ಒಂದೇ ಕ್ಷೇತ್ರದೊಳಗೂ ಅಂಕಿ ದಾರಿ ತಪ್ಪಿಸುತ್ತದೆ. ಪ್ರೋಟೀನಿನ ಪ್ರಮಾಣ ಅಳೆಯುವ ವಿಧಾನವನ್ನು ವಿವರಿಸಿ ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದ ಪ್ರಬಂಧ ಮೂರು ಲಕ್ಷಕ್ಕೂ ಹೆಚ್ಚು ಬಾರಿ ಉಲ್ಲೇಖಗೊಂಡಿದೆ. ಡಿಎನ್‌ಎಯ ಜೋಡಿ ಸುರುಳಿಯನ್ನು ತೋರಿಸಿದ ವಾಟ್ಸನ್ ಮತ್ತು ಕ್ರಿಕ್‌ರ 1953ರ ಪ್ರಬಂಧ ಇದರ ಹತ್ತಿರಕ್ಕೂ ಬರುವುದಿಲ್ಲ. ಲೌರಿ ವಿಧಾನವನ್ನು ಬಳಸಿದ ಪ್ರಯೋಗಾಲಯಗಳೆಲ್ಲ ಅದನ್ನು ಹೆಸರಿಸಿದವು. ಜೋಡಿ ಸುರುಳಿಯಾದರೋ ಪಠ್ಯಪುಸ್ತಕ ಸೇರಿ ಎಲ್ಲರ ತಿಳಿವಳಿಕೆಯಾಯಿತು. ತಮ್ಮ ಆ ಪ್ರಬಂಧ ಮಹತ್ತರವಾದದ್ದೆಂದು ಸ್ವತಃ ಲೌರಿಯವರೂ ಭಾವಿಸಿರಲಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯವೇ ‘ಸಾಮಾನ್ಯೀಕರಣ’. ಲೆಕ್ಕ ರಾಗಿ-ಕಬ್ಬಿನದೇ. ಒಂದು ಪ್ರಬಂಧಕ್ಕೆ ಸಿಕ್ಕ ಉಲ್ಲೇಖಗಳನ್ನು, ಅದೇ ಕ್ಷೇತ್ರದಲ್ಲಿ, ಅದೇ ವರ್ಷ ಪ್ರಕಟವಾದ, ಅದೇ ಬಗೆಯ ಪ್ರಬಂಧಗಳ ಜಾಗತಿಕ ಸರಾಸರಿಯಿಂದ ಭಾಗಿಸುವುದು. ಗಣಿತದ ಸರಾಸರಿ 4 ಎಂದು ಊಹಿಸಿಕೊಳ್ಳಿ. ಆಗ 12 ಉಲ್ಲೇಖ ಪಡೆದ ಪ್ರಬಂಧದ ಮೌಲ್ಯ 3. ಜೀವಕೋಶ ವಿಜ್ಞಾನದ ಸರಾಸರಿ 40 ಆಗಿದ್ದರೆ, ಅಲ್ಲಿ 40 ಉಲ್ಲೇಖ ಪಡೆದದ್ದರ ಮೌಲ್ಯ ಬರೀ 1. ಹೀಗೆ ಭಾಗಿಸಿದಾಗ ಬೇರೆ ಬೇರೆ ಕ್ಷೇತ್ರಗಳ ಉಲ್ಲೇಖಗಳ ಹಂಚಿಕೆ ಬಹುಮಟ್ಟಿಗೆ ಒಂದೇ ಆಕಾರ ತಳೆಯುತ್ತದೆಂದು 2008ರಲ್ಲಿ ಇಟಲಿಯ ಫಿಲಿಪ್ಪೊ ರಾಡಿಕಿ ಮತ್ತು ಸಂಗಡಿಗರು ತೋರಿಸಿದರು.

ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. 2010ರ ಟೈಮ್ಸ್ ಹೈಯರ್ ಎಜುಕೇಶನ್ ಶ್ರೇಯಾಂಕ ಪಟ್ಟಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ವಿಶ್ವವಿದ್ಯಾಲಯ ಉಲ್ಲೇಖದ ಪ್ರಭಾವದಲ್ಲಿ ವಿಶ್ವಕ್ಕೇ ನಾಲ್ಕನೆಯದಾಯಿತು! ಒಬ್ಬ ಲೇಖಕರು ತಾವೇ ಸಂಪಾದಕರಾಗಿದ್ದ ನಿಯತಕಾಲಿಕದಲ್ಲಿ ಬರೆದ ಪ್ರಬಂಧಗಳೇ ಇದಕ್ಕೆ ಮುಖ್ಯ ಕಾರಣವೆಂದು ಆಮೇಲೆ ತಿಳಿಯಿತು. ಸರಾಸರಿ ತೀರ ಕಡಿಮೆಯಿರುವ ಕಡೆ ಕೆಲವೇ ಉಲ್ಲೇಖಗಳು ಸೇರಿದರೂ ಭಾಗಲಬ್ಧ ಉಬ್ಬಿಬಿಡುತ್ತದೆ.

ನಮ್ಮಲ್ಲೂ ಒಂದು ಉದಾಹರಣೆಯಿದೆ. 2013ರಲ್ಲಿ ಅದೇ ಪಟ್ಟಿಯಲ್ಲಿ ಚಂಡೀಗಡದ ಪಂಜಾಬ್ ವಿಶ್ವವಿದ್ಯಾಲಯ ಭಾರತಕ್ಕೆ ಮೊದಲನೆಯದಾಯಿತು. ಅಲ್ಲಿನ ಭೌತವಿಜ್ಞಾನಿಗಳು ಜಿನೀವಾ ಬಳಿಯ ಸರ್ನ್ ಪ್ರಯೋಗಗಳ ಪಾಲುದಾರರು. ಸಾವಿರಾರು ಲೇಖಕರಿರುವ ಆ ಪ್ರಬಂಧಗಳ ಪೂರ್ಣ ಶ್ರೇಯಸ್ಸು ಪ್ರತಿಯೊಂದು ಸಂಸ್ಥೆಗೂ ಸಲ್ಲುತ್ತಿತ್ತು. 2015ರಲ್ಲಿ ಪಟ್ಟಿ ತಯಾರಕರು ಸಾವಿರಕ್ಕೂ ಹೆಚ್ಚು ಲೇಖಕರ ಪ್ರಬಂಧಗಳನ್ನು ಲೆಕ್ಕದಿಂದ ಕೈಬಿಟ್ಟರು. ವಿಜ್ಞಾನಿಗಳು ಮಾಡಿದ ಕೆಲಸ ಅದೇ. ಬದಲಾದದ್ದು ಎಣಿಸುವ ಕ್ರಮ.

ಸೂಚಿಯ ಕಣ್ಣಿಗೇ ಬೀಳದ ಕೆಲಸವನ್ನು ಯಾವ ಭಾಗಾಕಾರವೂ ಎತ್ತಿ ಹಿಡಿಯಲಾರದು. ಕನ್ನಡದಲ್ಲಿ ಬರೆದ ಶಾಸನಾಧ್ಯಯನದ ಗ್ರಂಥ ಇಂಥ ಸೂಚಿಗಳಲ್ಲಿ ಕಾಣಸಿಗುವುದು ಅಪರೂಪ. ಅದನ್ನು ಓದಬೇಕಾದವರು ಇರುವುದೂ ಇಲ್ಲಿಯೇ. 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ, ಹತ್ತು ಸೂತ್ರಗಳ ‘ಲೈಡನ್ ಪ್ರಣಾಳಿಕೆ’ ಇದನ್ನು ಗಮನಿಸಿದೆ. ಸ್ಥಳೀಯ ಮಹತ್ವದ ಸಂಶೋಧನೆಯನ್ನು ಕಾಪಾಡಬೇಕು, ಕ್ಷೇತ್ರಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕು, ಅಂಕಿಗಳು ತಜ್ಞರ ತೀರ್ಮಾನಕ್ಕೆ ನೆರವಾಗಬೇಕೇ ಹೊರತು ಅದರ ಜಾಗದಲ್ಲಿ ಕೂರಬಾರದು ಎಂದು ಅದು ಹೇಳುತ್ತದೆ.

ಸರಾಸರಿಯಿಂದ ಭಾಗಿಸುವುದು ನ್ಯಾಯದ ಮೊದಲ ಹೆಜ್ಜೆ. ಆ ಹೆಜ್ಜೆಯನ್ನೂ ಇಡದೆ ಗಣಿತದವರನ್ನು ವೈದ್ಯಕೀಯದವರ ಪಕ್ಕ ನಿಲ್ಲಿಸಿ ಬಡ್ತಿ ನಿರಾಕರಿಸಿದರೆ ಅನ್ಯಾಯ. ಅಷ್ಟಕ್ಕೇ ನಿಂತು ಪ್ರಬಂಧವನ್ನು ಓದದೇ ಬಿಟ್ಟರೂ ಅನ್ಯಾಯವೇ. ತೂಕದ ಕಲ್ಲು ಎಷ್ಟೇ ಸರಿಯಿರಲಿ, ಕಾಳು ಗಟ್ಟಿಯೋ ಜೊಳ್ಳೋ ಎಂಬುದನ್ನು ಕೈಗೆ ತೆಗೆದುಕೊಂಡೇ ನೋಡಬೇಕು.