ರಜೆಯ ಕೊಠಡಿ: ಬಣ್ಣ ನೋಡಿ ಹಣ ಹೂಡಿ

ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದು ಶೃಂಗೇರಿಯ ವರ್ತಕರಿಗೆ ಬಿಡುವು ದೊರೆಯುವುದು ಬೇಸಿಗೆಯಲ್ಲಿ. ಶಾಲೆಗಳಿಗೂ ಆಗಲೇ ರಜೆ. ಮಡಿಕೇರಿಯ ರೆಸಾರ್ಟ್‌ಗಳ ದೊಡ್ಡ ಕೊಠಡಿಗಳಿಗೆ ಬೇಡಿಕೆಯೂ ಆಗಲೇ. 1996ರಲ್ಲಿ ಸ್ಥಾಪಿತವಾದ ಮಹೀಂದ್ರಾ ಹಾಲಿಡೇಸ್ ಸಂಸ್ಥೆಯ 25 ವರ್ಷಗಳ ಸದಸ್ಯತ್ವವು ವರ್ಷಕ್ಕೆ 7 ದಿನಗಳ ವಾಸ್ತವ್ಯ ನೀಡುತ್ತದೆ. ಋತುಗಳನ್ನು ನೇರಳೆ, ಕೆಂಪು, ಬಿಳಿ, ನೀಲಿ ಎಂದು ವಿಂಗಡಿಸಲಾಗಿದ್ದು, ನೇರಳೆಯೇ ಅತ್ಯಧಿಕ ಬೇಡಿಕೆಯ ಕಾಲ. ಅಗ್ಗದ ನೀಲಿ ಸದಸ್ಯತ್ವ ಪಡೆದವರು ಆ ದಿನಗಳನ್ನು ಹಕ್ಕಿನಿಂದ ಕೇಳಲಾಗದು. ನೇರಳೆಯವರಿಗೂ ಕೊಠಡಿ ಖಾಲಿಯಿದ್ದರೆ ಮಾತ್ರ ಲಭ್ಯ; ತಿಂಗಳುಗಳ ಮುಂಚೆಯೇ ಕಾಯ್ದಿರಿಸುವುದು ಲೇಸು.

ಲೆಕ್ಕವನ್ನೂ ಪರಿಶೀಲಿಸಬೇಕು. ಉದಾಹರಣೆಗೆ, ರೂ. 3,50,000 ಪಾವತಿಸಿದಲ್ಲಿ 175 ರಾತ್ರಿಗಳಿಗೆ ತಲಾ ರೂ. 2,000 ಎನಿಸುತ್ತದೆ. ಶೇ. 8ರ ಬಡ್ಡಿಯನ್ನು ಸೇರಿಸಿದರೆ ಅದೇ ರಾತ್ರಿಗೆ ಸುಮಾರು ರೂ. 4,700. ವಾರ್ಷಿಕ ಶುಲ್ಕ ಪ್ರತ್ಯೇಕ. ಬೇಕಾದ ವಾರವೇ ದೊರೆಯದಿದ್ದರೆ ಈ ಹೂಡಿಕೆಗೆ ಅರ್ಥವಿಲ್ಲ. ಸಹಿಗೆ ಮುನ್ನ ಋತುಪಟ್ಟಿಯನ್ನು ಓದುವುದೇ ಜಾಣತನ.